ಯಂತ್ರಕ್ಕೆ ಒಪ್ಪುವ ಚಾಪೆ ನೇಜಿ: ತಯಾರಿ ಹೇಗೆ?

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಬೈಲುಗಳಲ್ಲಿ ಏಣೆಲು (ಮಳೆಗಾಲದ ಭತ್ತ) ಬೆಳೆಗೆ ನಾಟಿ ಯಂತ್ರ ಇಳಿಸಿದವರಲ್ಲಿ ಹಲವರು ಒಂದೇ ದೂರು ಹೇಳುತ್ತಾರೆ: ಸಾಲಿನಲ್ಲಿ ಅಲ್ಲಲ್ಲಿ ಬೋಳು, ವಾರ ಕಳೆದರೆ ತೇಲಿದ ಸಸಿಗಳು. ಬೈಗುಳ ಯಂತ್ರಕ್ಕೆ. ಆದರೆ ತಪ್ಪು ಆಗಿರುವುದು ಹೆಚ್ಚಾಗಿ ನೇಜಿಯಲ್ಲಿ, ಅಂದರೆ ನೆಡುವ ಭತ್ತದ ಸಸಿಯಲ್ಲಿ. ಕೈನಾಟಿಗೆ ಮಡಿಯಲ್ಲಿ ಬಿತ್ತಿ, ಕಿತ್ತು, ಸೂಡಿ ಕಟ್ಟುವ ನೇಜಿ ಯಂತ್ರಕ್ಕಾಗದು. ಬೇರು ಬೇರು ಹೆಣೆದುಕೊಂಡು ಇಡಿಯಾಗಿ ಎದ್ದು ಬರುವ ಚಾಪೆಯೇ ಬೇಕು.

1. ಮೊದಲು ಯಂತ್ರದ ದಿನ

ಕೈನಾಟಿಯ ನೇಜಿಗೆ 21ರಿಂದ 25 ದಿನ. ಮಳೆ ತಡವಾದರೆ ಇನ್ನೂ ಕೆಲವು ದಿನ ತಡೆದುಕೊಳ್ಳುತ್ತದೆ. ಚಾಪೆ ನೇಜಿಗೆ ಆ ಸಹನೆಯಿಲ್ಲ. 14ರಿಂದ 18 ದಿನದೊಳಗೆ, 12–15 ಸೆಂ.ಮೀ. ಎತ್ತರವಿರುವಾಗಲೇ ನೆಡಬೇಕು. ಮೀರಿದರೆ ಗರಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ನೆಟ್ಟ ಸಸಿ ಅಡ್ಡ ಬೀಳುತ್ತದೆ. ಹಾಗಾಗಿ ಯಂತ್ರ ಬರುವ ದಿನ ಖಚಿತವಾದ ಮೇಲೆಯೇ ಬಿತ್ತು (ಬಿತ್ತನೆಯ ಭತ್ತ) ನೆನೆಹಾಕಿ. ಮೇ ಕೊನೆಯ ಪತ್ತನಾಜೆ ಕಳೆಯಿತೆಂದು ಅವಸರಪಡಬೇಡಿ.

2. ಬಿತ್ತು

ಸಾಲಿನ ಅಂತರ 30 ಸೆಂ.ಮೀ. ಇರುವ ಯಂತ್ರವಾದರೆ ಎಕರೆಗೆ 80–90 ಟ್ರೇ (ಚಾಪೆ ನೇಜಿ ಬೆಳೆಸುವ ತಟ್ಟೆ), 10–12 ಕಿಲೋ ಬಿತ್ತು ಸಾಕು. ಉಪ್ಪುನೀರಿನಲ್ಲಿ ಹಾಕಿ ತೇಲಿದ ಜೊಳ್ಳು ತೆಗೆದು, ಒಳ್ಳೆ ನೀರಿನಲ್ಲಿ ಎರಡು ಸಲ ತೊಳೆಯಿರಿ. ಕಿಲೋಗೆ 10 ಗ್ರಾಂ ಸ್ಯೂಡೋಮೊನಾಸ್ (ರೋಗ ತಡೆಯುವ ಸೂಕ್ಷ್ಮಾಣುವಿನ ಪುಡಿ) ಬೆರೆಸಿದ ನೀರಿನಲ್ಲಿ ಒಂದು ದಿನ ನೆನೆಸಿ, ಇನ್ನೊಂದು ದಿನ ಗೋಣಿಯಲ್ಲಿ ಕಟ್ಟಿಡಿ. ಮೊಳಕೆ 1–2 ಮಿ.ಮೀ. ಬಂದರೆ ಸಾಕು. ಉದ್ದವಾದರೆ ಬಿತ್ತುವಾಗ ಮುರಿಯುತ್ತದೆ.

3. ಮಣ್ಣು ಮತ್ತು ಬಿತ್ತನೆ

ಕೆಲಸ ಕೆಡುವುದು ಇಲ್ಲೇ. ನಮ್ಮ ಕಡೆಯ ಮಣ್ಣಿನಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಹರಳು ತಪ್ಪಿದ್ದಲ್ಲ. ಒಂದು ಹರಳು ಯಂತ್ರದ ನಾಟಿ ಬೆರಳಿಗೆ (ಸಸಿ ಕಿತ್ತು ಊರುವ ಭಾಗಕ್ಕೆ) ಸಿಕ್ಕರೂ ಬೆರಳು ಬಾಗುತ್ತದೆ, ಆ ಸಾಲು ಕೆಡುತ್ತದೆ. ಗದ್ದೆಯ ಮಣ್ಣನ್ನು ಒಣಗಿಸಿ, ಪುಡಿಮಾಡಿ, 4–5 ಮಿ.ಮೀ. ಕಣ್ಣಿನ ಜರಡಿಯಲ್ಲಿ ಎರಡು ಸಲ ಗಾಳಿಸಿ. ಮಳೆ ಹಿಡಿದ ಮೇಲೆ ಒದ್ದೆ ಮಣ್ಣು ಜರಡಿಯಲ್ಲಿ ಇಳಿಯದು, ಮೇ ತಿಂಗಳಲ್ಲೇ ಗಾಳಿಸಿ ಚೀಲದಲ್ಲಿ ತುಂಬಿಡಿ. ಏಳು ಪಾಲು ಮಣ್ಣಿಗೆ ಎರಡು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಒಂದು ಪಾಲು ಉಮಿಕರಿ (ಸುಟ್ಟು ಕರಿಯಾದ ಭತ್ತದ ಹೊಟ್ಟು). ಅರೆಬರೆ ಕಳಿತ ಗೊಬ್ಬರ ಬೇಡವೇ ಬೇಡ. ಅದು ಬಿಸಿಯೇರುತ್ತದೆ, ಬೂಸ್ಟು ಹಿಡಿಯುತ್ತದೆ.

ಜರಡಿಯ ಕಷ್ಟ ತಪ್ಪಿಸಲು ಬರೀ ತೆಂಗಿನ ನಾರಿನ ಪುಡಿ ತುಂಬುವವರಿದ್ದಾರೆ. ಹಗುರವೆನ್ನುವುದು ನಿಜ, ಆದರೆ ನೀರು ಹಿಡಿದಿಟ್ಟುಕೊಂಡು ಎತ್ತುವಾಗ ಚಾಪೆ ತುಂಡಾಗುತ್ತದೆ. ಕೈಯಲ್ಲಿ ಹಿಡಿದರೆ ತಿರುಚುವ ತೆಳು ಟ್ರೇಯನ್ನೂ ಕೊಳ್ಳಬೇಡಿ. ಟ್ರೇ ಬಾಗಿದಾಗ ಚಾಪೆ ಮಧ್ಯದಲ್ಲೇ ಬಿರಿಯುತ್ತದೆ.

ಟ್ರೇಯಲ್ಲಿ ಎರಡು ಸೆಂ.ಮೀ. ಮಣ್ಣು ತುಂಬಿ ಪಟ್ಟಿಯಿಂದ ಸಮ ಮಾಡಿ. ಪ್ರತಿ ಟ್ರೇಗೆ ಒಣತೂಕದ ಲೆಕ್ಕದಲ್ಲಿ 120 ಗ್ರಾಂ ಬಿತ್ತು. ಹಾಕಿದ ಮೇಲೆ ಬಗ್ಗಿ ನೋಡಿ: ಒಂದು ಚದರ ಸೆಂಟಿಮೀಟರಿನಲ್ಲಿ ಎರಡು–ಮೂರು ಕಾಳು ಕಾಣಬೇಕು. ಮೂಲೆ, ಅಂಚುಗಳನ್ನು ಮರೆಯಬೇಡಿ. ಬೆರಳು ಚಾಪೆಯ ಈ ಅಂಚಿನಿಂದ ಆ ಅಂಚಿನವರೆಗೆ ಚಿಟಿಕೆ ಚಿಟಿಕೆಯಾಗಿ ಕೀಳುತ್ತಾ ಹೋಗುತ್ತದೆ. ಅಂಚಿನಲ್ಲಿ ಸಸಿ ಇಲ್ಲದಿದ್ದರೆ ಅದು ಗದ್ದೆಗೆ ಬರೀ ಮಣ್ಣನ್ನು ಊರುತ್ತದೆ. ಬೋಳಾಗುವುದು ಹೀಗೆ. ಇನ್ನಷ್ಟು ಒತ್ತಾಗಿ ಬಿತ್ತಿದರೆ ಪರಿಹಾರವಾಗುವುದಿಲ್ಲ, ಸಸಿ ಸೊರಗಿ ಉದ್ದವಾಗುತ್ತದೆ, ಅಷ್ಟೆ.

ಮೇಲೆ ಅರ್ಧ ಸೆಂ.ಮೀ. ಮಣ್ಣು, ಅದರ ಮೇಲೆ ಬೈಹುಲ್ಲು ಅಥವಾ ಹೆಣೆದ ತೆಂಗಿನ ಮಡಲು. ಜೂನ್ ಮಳೆಯ ಹೊಡೆತಕ್ಕೆ ಕಾಳು ಒಂದು ಬದಿಗೆ ಕೊಚ್ಚಿಹೋಗದಿರಲು ಇದು ಬೇಕೇ ಬೇಕು. ಮೂರು–ನಾಲ್ಕನೇ ದಿನ ಮೊಳಕೆ ಹಸಿರಾಗುತ್ತಿದ್ದಂತೆ ತೆಗೆಯಿರಿ. ನೀರು ಪೂವಾಳಿಯಲ್ಲೇ (ತೂತು ಮೂತಿಯ ನೀರಿನ ಡಬ್ಬಿಯಲ್ಲೇ) ಚಿಮುಕಿಸಬೇಕು, ಪೈಪು ಹಿಡಿಯಬಾರದು. ಹತ್ತನೇ ದಿನದ ಹೊತ್ತಿಗೆ ಹಳದಿ ಕಂಡರೆ ಲೀಟರಿಗೆ 5 ಗ್ರಾಂ ಯೂರಿಯಾ ಕರಗಿಸಿ ಸಿಂಪಡಿಸಿ, ಕೂಡಲೇ ಬರೀ ನೀರಿನಿಂದ ಗರಿ ತೊಳೆಯಿರಿ.

4. ಗದ್ದೆ

ಉತ್ತು, ಕೆಸರು ಮಾಡಿ, ಸಮ ಮಾಡಿ. ಆಮೇಲೆ ಬಿಡಿ: ಮರಳು ಮಣ್ಣಾದರೆ ಒಂದು ದಿನ, ಜಿಗುಟು ಮಣ್ಣಾದರೆ ಎರಡು–ಮೂರು ದಿನ. ಕೆಸರಿನಲ್ಲಿ ಕೋಲಿನಿಂದ ಗೆರೆ ಎಳೆಯಿರಿ. ಗೆರೆ ಮೆಲ್ಲ ಮುಚ್ಚಿಕೊಂಡರೆ ಹದ ಬಂದಿದೆ. ತಕ್ಷಣ ಮುಚ್ಚಿದರೆ ಕಾಯಿರಿ, ಮುಚ್ಚದೇ ಉಳಿದರೆ ಗಟ್ಟಿಯಾಗಿದೆ. ನೀರು 1–2 ಸೆಂ.ಮೀ. ಮಾತ್ರ ನಿಲ್ಲಲಿ. ಹೆಚ್ಚಿದ್ದರೆ ಸಸಿ ತೇಲುತ್ತದೆ, ಅದಕ್ಕೆ ಮಳೆಗಾಲದಲ್ಲಿ ಕಟ್ಟಪುಣಿಯ (ಗದ್ದೆಯ ಬದುವಿನ) ಕಂಡಿ ತೆರೆದಿಟ್ಟೇ ಯಂತ್ರ ಇಳಿಸಿ.

5. ನಾಟಿ

ಹಿಂದಿನ ದಿನವೇ ನೇಜಿಗೆ ನೀರು ಹಾಕುವುದನ್ನು ನಿಲ್ಲಿಸಿ. ತೊಟ್ಟಿಕ್ಕುವ ಚಾಪೆ ಯಂತ್ರದ ತಟ್ಟೆಯಲ್ಲಿ ಜಾರದೆ ಅಂಟಿಕೊಳ್ಳುತ್ತದೆ. ಬುಡಕ್ಕೆ ಮೂರು–ನಾಲ್ಕು ಸಸಿ, ಆಳ 2–3 ಸೆಂ.ಮೀ. ಎಂದು ಹೊಂದಿಸಿ, ಐದು ಮೀಟರ್ ಹೋದ ಮೇಲೆ ಯಂತ್ರ ನಿಲ್ಲಿಸಿ ನೋಡಿ. ಬೆರಳು ಕೀಳುವ ಚಿಟಿಕೆಯ ಗಾತ್ರ ತಿದ್ದಬೇಕಿದ್ದರೆ ಆಗಲೇ ತಿದ್ದಬೇಕು.

ತಿರುಗುವ ಮೂಲೆಗಳಿಗೆ ಕೈನಾಟಿಯೇ ಗತಿ. ಮಜಲಿನ (ಬೈಲಿಗಿಂತ ಎತ್ತರದ) ಕಿರಿದಾದ ಗದ್ದೆಗಳಿಗೆ ಯಂತ್ರವನ್ನು ತರಲೇಬೇಡಿ. ನೆಟ್ಟದ್ದಕ್ಕಿಂತ ತಿರುಗಿಸಿದ್ದೇ ಹೆಚ್ಚಾಗುತ್ತದೆ. ಅಲ್ಲಿ ಸಾಲಿಗೆ 20, ಬುಡಕ್ಕೆ 15 ಸೆಂ.ಮೀ. ಅಂತರದಲ್ಲಿ ಕೈಯಲ್ಲಿ ನೆಟ್ಟರೆ ಚೆಂದ.

ಎಕರೆಗೆ ಎರಡು–ಮೂರು ಟ್ರೇ ಎತ್ತಿಟ್ಟು, ಗದ್ದೆಯ ಬದಿಯಲ್ಲೇ ನೀರಿನಲ್ಲಿ ಇಡಿ. ಏಳರಿಂದ ಹತ್ತನೇ ದಿನದೊಳಗೆ ತಪ್ಪಿದ ಬುಡಗಳಿಗೆ ಅದರಿಂದಲೇ ತುಂಬಿ. ಬೇರೆ ಮಡಿಯ, ಬೇರೆ ಪ್ರಾಯದ ನೇಜಿ ತಂದು ಊರಿದರೆ ತೆನೆ ಒಟ್ಟಿಗೆ ಬರುವುದಿಲ್ಲ.