ಕ್ಯೂಬಾ ಬಿಕ್ಕಟ್ಟನ್ನು ಎರಡು ಪೀರಿಯಡ್‌ನಲ್ಲಿ ಆಡಿಸಿದ ನನ್ನ ಅನುಭವ

ಶೀತಲ ಸಮರದ ಪಾಠವನ್ನು ಆಟ ಆಡಿಸಿ ಮಾಡ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. "ಪೋರ್ಷನ್ ಮುಗಿಸೋದು ಬಿಟ್ಟು ಇದೇನ್ರೀ ಮೇಷ್ಟ್ರೇ ನಾಟಕ?" ಅಂದಿದ್ದ ಹಿರಿಯರೇ ಈಗ ನನ್ನ ಲಕೋಟೆಗಳ ಸೆಟ್ ಕೇಳುತ್ತಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ನ್ಯಾಟೋ, ವಾರ್ಸಾ ಒಪ್ಪಂದ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ನಾನು ಹಿಡಿದುಕೊಂಡಿದ್ದು 1962ರ ಅಕ್ಟೋಬರ್ ಮಾತ್ರ. ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಇಟ್ಟ ಅಣು ಕ್ಷಿಪಣಿಗಳ ಫೋಟೋವನ್ನು ಅಮೆರಿಕದ ಬೇಹು ವಿಮಾನ ಯು-2 ತೆಗೆದಿತ್ತು; 16ರಂದು ಅದನ್ನು ಅಮೆರಿಕದ ಅಧ್ಯಕ್ಷ ಕೆನಡಿಗೆ ತೋರಿಸಿದಲ್ಲಿಂದ ಶುರು. 28ರಂದು ಕ್ಷಿಪಣಿ ವಾಪಸ್ ತಗೋತೀವಿ ಅಂತ ಮಾಸ್ಕೋ ರೇಡಿಯೋ ಹೇಳುವಲ್ಲಿಗೆ ಮುಗಿತಾಯ. ಕ್ಲಾಸನ್ನು ವಾಷಿಂಗ್ಟನ್, ಮಾಸ್ಕೋ, ಹವಾನಾ ಅಂತ ಮೂರು ಗುಂಪು ಮಾಡಿದೆ.

ಮೊದಲ ಬ್ಯಾಚಿನಲ್ಲಿ ಹತ್ತೇ ನಿಮಿಷಕ್ಕೆ ಎಲ್ಲರೂ ಎಲ್ಲರ ಮೇಲೂ ಬಾಂಬ್ ಹಾಕಿ ಕೂತರು. ಬಾಂಬ್ ಹಾಕಿದರೆ ಇಬ್ಬರಿಗೂ ಸೊನ್ನೆ ಅಂತ ನಿಯಮ ತಂದೆ. ಆಗ ಉಲ್ಟಾ ಆಯಿತು. "ನೀವು ಟರ್ಕಿಯಿಂದ ನಿಮ್ಮ ಕ್ಷಿಪಣಿ ತೆಗೀರಿ, ನಾವು ಕ್ಯೂಬಾದಿಂದ ನಮ್ಮದು ತೆಗೀತೀವಿ" ಅಂತ ಬೆಂಚಿನಿಂದ ಬೆಂಚಿಗೆ ಕೂಗಿ ಮುಗಿಸಿಬಿಟ್ಟರು. ಪಾಠ ಓದಿಕೊಂಡೇ ಬಂದಿದ್ದರು, ಕಿಲಾಡಿಗಳು.

ದುಡ್ಡೂ ಹೋಯಿತು. ಕೆರಿಬಿಯನ್ ನಕ್ಷೆಯ ಫ್ಲೆಕ್ಸ್‌ಗೆ ಸಾವಿರದ ಇನ್ನೂರೋ ಏನೋ ಕೊಟ್ಟೆ. ಪ್ರಿಂಟ್ ಮಾಡಿದವನು ಅರ್ಧ ಕ್ಯೂಬಾವನ್ನೇ ಕತ್ತರಿಸಿ ಕೊಟ್ಟ. ಥರ್ಮಾಕೋಲ್ ಕ್ಷಿಪಣಿಗಳಿಗೆ ಇನ್ನೊಂದು ಐನೂರು ಚಿಲ್ಲರೆ. ಕಾಲೇಜಿನಿಂದ ಒಂದು ಪೈಸೆ ಹುಟ್ಟಲಿಲ್ಲ.

ಕೊನೆಗೆ ಕೈಹಿಡಿದದ್ದು ನೂರು ರೂಪಾಯಿ ಒಳಗಿನ ಲಕೋಟೆಗಳು. ಆಗ ವಾಷಿಂಗ್ಟನ್‌ನಲ್ಲಿದ್ದ ಸೋವಿಯತ್ ರಾಯಭಾರಿ ಡೊಬ್ರಿನಿನ್ ಮಾಸ್ಕೋಗೆ ಸುದ್ದಿ ಮುಟ್ಟಿಸಬೇಕಾದರೆ ಅದನ್ನು ಗುಪ್ತಲಿಪಿಗೆ ಇಳಿಸಿ, ತಂತಿ ಕಂಪನಿಯ ಸೈಕಲ್ ಹುಡುಗನ ಕೈಗೆ ಕೊಡಬೇಕಿತ್ತು. 26ರಂದು ಸೋವಿಯತ್ ನಾಯಕ ಕ್ರುಶ್ಚೇವ್ ಕಳಿಸಿದ ಉದ್ದನೆ ಪತ್ರ ಕೆನಡಿ ಕೈಸೇರುವಷ್ಟರಲ್ಲಿ ಹೆಚ್ಚುಕಮ್ಮಿ ಹಗಲೇ ಕಳೆದಿತ್ತು. ಆ ವಿಳಂಬವನ್ನೇ ಕ್ಲಾಸಿಗೆ ತಂದೆ. ಮಾತು ಬಂದ್. ಪ್ರತಿ ಅಕ್ಷರಕ್ಕೊಂದು ನಂಬರ್. ಚೀಟಿ ಹಿಡಿದ ಹುಡುಗ ಗ್ರೌಂಡಿಗೆ ಒಂದು ಸುತ್ತು ಹಾಕಿಯೇ ಬರಬೇಕು.

ಆಮೇಲೆ ನೋಡಬೇಕಿತ್ತು ಮಜಾ. 27ನೇ ತಾರೀಖು ಅಂತ ಬೋರ್ಡಿನಲ್ಲಿ ಬರೆದಾಗ ವಾಷಿಂಗ್ಟನ್ ಬೆಂಚಿನ ಮೇಲೆ ಮಾಸ್ಕೋದಿಂದ ಬಂದ ಎರಡು ಪತ್ರ ಇದ್ದವು. ಕ್ಯೂಬಾ ಮೇಲೆ ದಾಳಿ ಮಾಡಲ್ಲ ಅಂತ ಮಾತು ಕೊಡಿ ಸಾಕು ಅನ್ನುವ ಮೆತ್ತನೆಯದು ಒಂದು. ಟರ್ಕಿಯಲ್ಲಿರುವ ನಿಮ್ಮ ಜುಪಿಟರ್ ಕ್ಷಿಪಣಿಗಳನ್ನೂ ತೆಗೆಯಿರಿ ಅನ್ನುವ ಬಿಗಿಯಾದದ್ದು ಇನ್ನೊಂದು. ಅಷ್ಟರಲ್ಲಿ ಮೂರನೇ ಲಕೋಟೆ ಬಂತು: ಕ್ಯೂಬಾ ಮೇಲೆ ಯು-2 ಅನ್ನು ಹೊಡೆದುರುಳಿಸಿದ್ದಾರೆ, ಪೈಲಟ್ ಆಂಡರ್ಸನ್ ಸತ್ತಿದ್ದಾನೆ. ಹುಡುಗರೆಲ್ಲ "ಹೊಡೀರಿ" ಅಂತ ಕೂಗಿದರು. ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಕೇಳಿದಳು, "ಸರ್, ಇದನ್ನ ಕ್ರುಶ್ಚೇವೇ ಮಾಡ್ಸಿದ್ದಾ, ಇಲ್ಲಾ ಅಲ್ಲಿರೋರು ಯಾರೋ ಮಾಡಿದ್ದಾ?" ನಿಜಕ್ಕೂ ಆ ಆದೇಶ ಕೊಟ್ಟವರು ಕ್ಯೂಬಾದಲ್ಲಿದ್ದ ಸೋವಿಯತ್ ಅಧಿಕಾರಿಗಳೇ, ಮಾಸ್ಕೋ ಅಲ್ಲ. ನಾನು ಹೇಳಲಿಲ್ಲ. ಹತ್ತು ನಿಮಿಷ ಕಿತ್ತಾಡಿ, ಮೆತ್ತನೆಯ ಪತ್ರಕ್ಕೆ ಮಾತ್ರ ಉತ್ತರ ಬರೆದರು. ಕೆನಡಿ ಮಾಡಿದ್ದೂ ಅದನ್ನೇ, ಅಲ್ವಾ! ಟರ್ಕಿ ವಿಷಯವನ್ನು ಅವನ ತಮ್ಮ ರಾಬರ್ಟ್, ರಾಯಭಾರಿ ಡೊಬ್ರಿನಿನ್ ಹತ್ತಿರ ಗುಟ್ಟಾಗಿ ಮುಗಿಸಿದ.

ಮೂರನೇ ಲಕೋಟೆಯನ್ನು ಯಾವ ಕ್ಷಣಕ್ಕೆ, ಯಾರ ಕೈಗೆ ಕೊಡಬೇಕು ಅನ್ನೋದರಲ್ಲೇ ಕೈಚಳಕ ಇರೋದು. ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ಬ್ಯಾಚಿನವರು ಅದನ್ನೂ ಓದಿಕೊಂಡು ಬರ್ತಾರೆ.

ಸುಮ್ನೆ ಇರಲಾರದೆ ದೆಹಲಿ ಅಂತ ಇನ್ನೊಂದು ಗುಂಪು ಸೇರಿಸಿದ್ದೂ ಉಂಟು. ಅದೇ ಅಕ್ಟೋಬರ್ 20ರಂದು ಚೀನಾ ನಮ್ಮ ಮೇಲೆ ಬಿದ್ದಿತ್ತಲ್ಲ. ಇಡೀ ಕ್ಲಾಸು ಕ್ಯೂಬಾ ಮರೆತು ಲಡಾಖ್‌ಗೆ ಹೊರಟಿತು. ಅದಕ್ಕೆ ಬೇರೆ ಪೀರಿಯಡ್ಡೇ ಬೇಕು. ಅಮೆರಿಕದ ನೌಕಾಪಡೆ ನೀರಿನೊಳಗೆ ಸಿಡಿಗುಂಡು ಹಾಕಿ ಮೇಲೆಬ್ಬಿಸಲು ನೋಡಿದ್ದ ಸೋವಿಯತ್ ಜಲಾಂತರ್ಗಾಮಿ ಬಿ-59 ಅನ್ನು ಸ್ಟೋರ್ ರೂಮಿನಲ್ಲಿ ಮಾಡಿ ಹೊರಗಿನಿಂದ ಡಬ್ಬ ಬಡಿಸಿದೆ. ಪ್ರಿನ್ಸಿಪಾಲರು ಓಡಿ ಬಂದರು, ಆಟ ಅಲ್ಲಿಗೇ ನಿಂತಿತು.

ಈ ವರ್ಷ 1963ರ ಹಾಟ್‌ಲೈನ್, ಅಂದರೆ ವಾಷಿಂಗ್ಟನ್-ಮಾಸ್ಕೋ ನಡುವಿನ ನೇರ ಸಂಪರ್ಕ, ಆಡಿಸುವ ಆಸೆ ಇದೆ. ಅದು ಫೋನ್ ಅಲ್ಲ, ಟೆಲಿಪ್ರಿಂಟರ್. ಎರಡು ಮೊಬೈಲು, ಬರೀ ಟೈಪ್ ಮಾಡಿದ ಮೆಸೇಜ್, ವಾಯ್ಸ್ ಇಲ್ಲ. ಕ್ಲಾಸಿಗೆ ಮೊಬೈಲ್ ತರಲು ಪ್ರಿನ್ಸಿಪಾಲರು ಇನ್ನೂ ಹೂಂ ಅಂದಿಲ್ಲ.