ಹಸಿರು ಕಣ್ಣು ಕಾಣ್ತಿದ್ರೂ ಬ್ಯಾಟ್ರಿ ಹೋಗಿತ್ತು: ವಾರಂಟಿಲಿ ಬದಲಾಯಿಸ್ಕೊಂಡ ನನ್ನ ಅನುಭವ

ಎರಡು ದಿನ ನಿಲ್ಲಿಸಿದ್ರೆ ನನ್ನ ಕಾರು ಸ್ಟಾರ್ಟ್ ಆಗ್ತಿರ್ಲಿಲ್ಲ. ಮೆಕ್ಯಾನಿಕ್ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟ್ರಿ ಚಾರ್ಜ್ ಮಾಡೋದು) ಅಂದ, ಭಾವ ವೈರಿಂಗ್ ಅಂದ್ರು, ಬ್ಯಾಟ್ರಿ ಅಂಗಡಿಯವ್ರು ಬ್ಯಾಟ್ರಿ ಗುಡ್ ಅಂತ ಟೆಸ್ಟರ್ ಚೀಟಿ ತೆಗೆದು ಕೈಗೇ ಕೊಟ್ರು. ಬ್ಯಾಟ್ರಿ ಒಳಗಿನ ಆರು ಸೆಲ್‌ನಲ್ಲಿ (ಎರಡೆರಡು ವೋಲ್ಟಿನ ಖಾನೆಗಳು) ಒಂದು ಹೋಗಿದೆ ಅಂತ ನಾನೊಬ್ಬನೇ ಹೇಳ್ತಿದ್ದೆ, ಕೊನೆಗೆ ಅದೇ ಆಯ್ತು. ಫ್ರೀ ವಾರಂಟಿ ಮುಗಿಯೋಕೆ ಐದಾರು ವಾರ ಇದ್ದಾಗ ಒಂದು ಪೈಸೆ ಕೊಡದೆ ಹೊಸ ಬ್ಯಾಟ್ರಿ ತಂದೆ. ಇದೇ ಥರ ಅಲೆದಾಡ್ತಿರೋರು ಬಹಳ ಜನ ಇದಾರೆ, ಅದಕ್ಕೆ ಬರೀತಿದೀನಿ. ಅಂಕಿಗಳು ಸುಮಾರಾಗಿ ನೆನಪಲ್ಲಿ ಇರೋವು.

ಬ್ಯಾಟ್ರಿ 45 ಆಂಪಿಯರ್ ಅವರ್‌ದು, ಮೇಲೆ ಕಾಯಿನ್ ಹಾಕಿ ತಿರುಗಿಸೋ ಮುಚ್ಚಳ ಇರೋ ಥರದ್ದು, ತೊಂದ್ರೆ ಶುರುವಾದಾಗ 21-22 ತಿಂಗಳಾಗಿತ್ತು. ದಿನಾ ಓಡಿಸಿದ್ರೆ ಏನೂ ಇಲ್ಲ. ಎರಡು ದಿನ ನಿಲ್ಲಿಸಿದ್ರೆ ಮೂರನೇ ದಿನ ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಬರೀ ಟಕ ಟಕ ಟಕ. ಮೀಟರ್ ಹಿಡಿದ್ರೆ 12.4 ವೋಲ್ಟ್ ತೋರಿಸುತ್ತೆ, ಮೇಲೆ ಚಾರ್ಜ್ ತೋರಿಸೋ ಮ್ಯಾಜಿಕ್ ಐ ಅನ್ನೋ ಕಣ್ಣು ಹಸಿರಾಗೇ ಇದೆ! ಎಲ್ರೂ ದಾರಿ ತಪ್ಪೋದು ಇಲ್ಲೇ. ಆ ಕಣ್ಣು ನೋಡೋದು ಒಂದೇ ಒಂದು ಸೆಲ್‌ನ, ಉಳಿದ ಐದರ ಸುದ್ದಿ ಅದಕ್ಕೆ ಗೊತ್ತೇ ಇರಲ್ಲ.

ಮೊದಲು ಕಳ್ಕೊಂಡ ದುಡ್ಡಿನ ವಿಷ್ಯ ಹೇಳ್ತೀನಿ. ಚಾರ್ಜಿಂಗ್ ಐಡಲ್‌ನಲ್ಲಿ 14.2 ವೋಲ್ಟ್ ಸರಿಯಾಗೇ ಇತ್ತು, ಹೆಡ್‌ಲೈಟು ಬ್ಲೋವರು ಎಲ್ಲಾ ಹಾಕಿದ್ರೂ 13.9ಕ್ಕಿಂತ ಕೆಳಗೆ ಇಳೀತಿರ್ಲಿಲ್ಲ, ಅದನ್ನ ಮೆಕ್ಯಾನಿಕ್‌ಗೆ ತೋರಿಸ್ದೆ ಕೂಡ. "ಸರ್, ಬಿಸಿ ಆದ್ಮೇಲೆ ಡ್ರಾಪ್ ಆಗುತ್ತೆ, ಬಿಚ್ಚಿ ನೋಡೋದೇ ಒಳ್ಳೇದು" ಅಂದ, ನಾನು ಒಪ್ಕೊಂಡುಬಿಟ್ಟೆ. ಬ್ರಷ್, ರೆಗ್ಯುಲೇಟರ್, ಬೇರಿಂಗ್, ಕೂಲಿ ಎಲ್ಲಾ ಸೇರಿ ಹೊಸ ಬ್ಯಾಟ್ರಿ ಬೆಲೆಯ ಮೂರನೇ ಒಂದು ಭಾಗ ಹೋಯ್ತು, ತೊಂದ್ರೆ ಮಾತ್ರ ಹಾಗೇ ಇತ್ತು. ಮೀಟರ್ ಸರಿ ಇದೆ ಅಂತ ಹೇಳ್ತಿರುವಾಗ ಇನ್ನೊಬ್ಬರ ಮಾತು ಕೇಳಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆಮೇಲೆ ಅರ್ಥ್ ಕೇಬಲ್. ಸೆಲ್ಫ್ ಹೊಡೆಯುವಾಗ ಬ್ಯಾಟ್ರಿ ಮೈನಸ್ಸಿಗೂ ಎಂಜಿನ್ ಬ್ಲಾಕಿಗೂ ಮಧ್ಯೆ 0.3 ವೋಲ್ಟ್ ಬೀಳ್ತಿತ್ತು, ಹೊಸ ಕೇಬಲ್ ಹಾಕಿದ್ಮೇಲೆ 0.1ಕ್ಕೆ ಬಂತು. ಅದು ದಂಡ ಅಲ್ಲ, ಎಂಜಿನ್ ತಿರುಗೋದು ಚುರುಕಾಯ್ತು. ಆದ್ರೆ ಮೂರನೇ ದಿನದ ಟಕ ಟಕ ನಿಲ್ಲಲಿಲ್ಲ.

ಮುಂದಿನದು ಎಲ್ರೂ ಹೇಳೋ ಲೀಕೇಜ್ ಕರೆಂಟ್, ಅಂದ್ರೆ ಗಾಡಿ ಆಫ್ ಇದ್ದಾಗ್ಲೂ ಎಳೆಯೋ ಕರೆಂಟ್. ಮೈನಸ್ ಕೇಬಲ್ ಮಧ್ಯೆ ಮೀಟರ್ ಸೇರಿಸಿ ಕೂತಿದ್ದೆ, ಮರೆತು ಇಗ್ನಿಷನ್ ಆನ್ ಮಾಡ್ದೆ, ಮೀಟರ್‌ನ 10 ಆಂಪಿಯರ್ ಫ್ಯೂಸ್ ಹೋಯ್ತು, ಅದು ಸಿಗೋಕೆ ಎರಡು ದಿನ. ಎರಡನೇ ಸಲ ಬಾನೆಟ್ ಮುಚ್ಚಿದೆ ಅಂತ ಗಾಡಿ ತಿಳ್ಕೊಳ್ಳೋ ಹಾಗೆ ಲಾಚ್‌ನ ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ಲಾಕ್ ಮಾಡಿ, ಕೀ ದೂರ ಇಟ್ಟು, ಮುಕ್ಕಾಲು ಗಂಟೆ ಕಾದೆ. ಗಾಡಿ ಪೂರ್ತಿ ನಿದ್ದೆಗೆ ಹೋಗೋ ತನಕ ಬರೋ ರೀಡಿಂಗ್ ನಂಬೋ ಹಾಗಿಲ್ಲ. 180 ಮಿಲಿಆಂಪಿಯರ್ ಬಂತು. ಫ್ಯೂಸ್ ಕೀಳದೆ ಒಂದೊಂದರ ಮೇಲೂ ಮಿಲಿವೋಲ್ಟ್ ನೋಡ್ತಾ ಹೋದೆ (ಕರೆಂಟ್ ಹರೀತಿರೋ ಫ್ಯೂಸ್ ಮೇಲೆ ಮಾತ್ರ ಅದು ಕಾಣುತ್ತೆ), ಡ್ಯಾಶ್‌ಕ್ಯಾಮ್ ಸಿಕ್ತು. ತೆಗೆದೆ, 30ಕ್ಕೆ ಇಳೀತು. ಮನೇಲಿ ಎಲ್ಲರಿಗೂ ಕಂಡುಹಿಡಿದೆ ಅಂತ ಹೇಳಿದ್ದೂ ಆಯ್ತು, ಮೂರನೇ ದಿನ ಬೆಳಿಗ್ಗೆ ಮತ್ತೆ ಟಕ ಟಕ.

ಅವತ್ತು ಕೂತು ಲೆಕ್ಕ ಹಾಕ್ದೆ. 180 ಮಿಲಿಆಂಪಿಯರ್ ಅಂದ್ರೆ ದಿನಕ್ಕೆ ನಾಲ್ಕೂಕಾಲು ಆಂಪಿಯರ್ ಅವರ್, 45ರ ಬ್ಯಾಟ್ರಿ ಅರ್ಧಕ್ಕೆ ಬರೋಕೇ ಐದು ದಿನ ಬೇಕು. 30 ಅಂದ್ರೆ ದಿನಕ್ಕೆ ಮುಕ್ಕಾಲು ಆಂಪಿಯರ್ ಅವರ್ ಕೂಡ ಇಲ್ಲ, ತಿಂಗಳು ನಿಲ್ಲಿಸಿದ್ರೂ ಸ್ಟಾರ್ಟ್ ಆಗ್ಬೇಕು. ಹಾಗಾದ್ರೆ ಎರಡು ರಾತ್ರೀಲಿ ಮಲಗ್ತಿರೋದು ಗಾಡಿಯಿಂದ ಅಲ್ಲ, ಬ್ಯಾಟ್ರಿ ಒಳಗೇ ಸೋರ್ತಿದೆ. ಈ ಗುಣಾಕಾರ ಯಾರೂ ಮಾಡಿರ್ಲಿಲ್ಲ, ಎಲ್ರೂ ಗಾಡಿ ಬಿಚ್ಚೋಕೆ ರೆಡಿ ಇದ್ರು ಅಷ್ಟೇ.

ಭಾವನ ಹತ್ರ ಹೋಗಿ "ಭಾವ, ಒಂದ್ ನಾಲ್ಕು ದಿನ ನಿಮ್ಮ ಬ್ಯಾಟ್ರಿ ಕೊಡಿ, ನಂದು ನಿಮ್ಮ ಗಾಡಿಗೆ ಹಾಕ್ತೀನಿ" ಅಂದೆ. "ನಿನ್ನ ಗಾಡಿ ವೈರಿಂಗ್ ಸರಿ ಇಲ್ಲ ಕಣಯ್ಯಾ, ಸುಮ್ನೆ ನನ್ ಬ್ಯಾಟ್ರೀನೂ ತಿಂದು ಹಾಕುತ್ತೆ" ಅಂತ ಗೊಣಗಿಕೊಂಡೇ ಕೊಟ್ರು. ಎರಡೂ ಒಂದೇ ಸೈಜು, ಟರ್ಮಿನಲ್ ಕೂಡ ಒಂದೇ ಕಡೆ. ಎರಡೂ ಗಾಡಿ ಮುಟ್ಟದೆ ಬಿಟ್ವಿ. ಮೂರನೇ ದಿನ ಬೆಳಿಗ್ಗೆ ನನ್ನ ಗಾಡಿ ಒಂದೇ ಹೊಡೆತಕ್ಕೆ ಸ್ಟಾರ್ಟ್, ಹೊಡೆಯುವಾಗ 10.4ರ ಕೆಳಗೆ ಇಳೀಲಿಲ್ಲ. ಹತ್ತು ನಿಮಿಷಕ್ಕೆ ಭಾವನ ಫೋನ್ ಬಂತು, ಅವ್ರ ಗಾಡಿ ಎದ್ದಿರ್ಲಿಲ್ಲ! ಹೋಗಿ ಮೀಟರ್ ಇಟ್ಟು ಹೊಡೆಸ್ದೆ, 7 ಚಿಲ್ಲರೆಗೆ ಬಿತ್ತು. ಅವತ್ತಿಂದ ಭಾವ ವೈರಿಂಗ್ ಮಾತು ಎತ್ತಿಲ್ಲ.

ಇನ್ನು ಯಾವ ಸೆಲ್ ಅಂತ ಹಿಡೀಬೇಕಿತ್ತು. ಬ್ಯಾಟ್ರಿ ಹೊರಗೆ ತೆಗೆದು, ಮೇಲ್ಭಾಗ ಒರೆಸಿ, ಮರದ ಹಲಗೆ ಮೇಲೆ ಇಟ್ಟೆ. ಮೊದಲನೇ ಸಲ ಲೆವೆಲ್ ಕಮ್ಮಿ ಇದೆ ಅಂತ ಡಿಸ್ಟಿಲ್ಡ್ ವಾಟರ್ ಹಾಕಿ ತಕ್ಷಣ ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಇದೆ, ಅಂದ್ರೆ ಗ್ರಾವಿಟಿ ಎಷ್ಟು ಅಂತ ನೋಡೋ ತೇಲೋ ಮಾಪಕ; ಚಾರ್ಜ್ ಇಳಿದಷ್ಟೂ ಅಂಕಿ ಇಳಿಯುತ್ತೆ) ಇಳಿಸ್ದೆ, ಎಲ್ಲಾ ಸೆಲ್ಲೂ 1180, 1170 ಅಂತ ಬಂದು ತಲೆ ಕೆಟ್ಟುಹೋಯ್ತು. ಹಾಕಿದ ನೀರು ಮೇಲೇ ನಿಂತಿರುತ್ತೆ, ಚಾರ್ಜ್ ಆಗಿ ಗುಳ್ಳೆ ಎದ್ದು ಕಲಸಿದ ಮೇಲೇ ಗ್ರಾವಿಟಿ ಸರಿ ಬರೋದು. ಒಂದು ದಿನ ಹಾಳು.

ಗಾಳಿ ಆಡೋ ಕಡೆ ಇಟ್ಟು ರಾತ್ರಿ ಪೂರ್ತಿ ನಿಧಾನ ಚಾರ್ಜಿಗೆ ಹಾಕಿದ್ದೆ, ಬೆಳಗಿನ ಜಾವ ಟಾರ್ಚ್ ಹಿಡ್ಕೊಂಡು ನೋಡ್ದೆ. ಐದು ಸೆಲ್‌ನಲ್ಲಿ ಸಣ್ಣ ಗುಳ್ಳೆ ಸರಸರ ಅಂತ ಮೇಲೆ ಬರ್ತಿದೆ, ಪ್ಲಸ್ ಕಡೆಯಿಂದ ಮೂರನೇದು ಮಾತ್ರ ಗಪ್‌ಚಿಪ್, ಬಾವಿ ನೀರಿನ ಥರ ತಣ್ಣಗೆ ನಿಂತಿದೆ. ನೋಡಿದ ಕೂಡ್ಲೇ ಗೊತ್ತಾಯ್ತು. ಗ್ರಾವಿಟಿ ತೆಗೆದ್ರೆ ಐದರಲ್ಲಿ 1260, ಅದರಲ್ಲಿ 1210. ಟ್ಯೂಬಿನ ಗೋಡೆಗೆ ಫ್ಲೋಟ್ ಅಂಟ್ಕೊಂಡಿರುತ್ತೆ, ಉಗುರಲ್ಲಿ ಎರಡು ಸಲ ತಟ್ಟಿ ಓದಿ.

ಚಾರ್ಜರ್ ತೆಗೆದು ಹಾಗೇ ಬಿಟ್ಟೆ, ದಿನಾ ಬೆಳಿಗ್ಗೆ ಒಂದೇ ಟೈಮಿಗೆ ಬರ್ಕೊಂಡೆ. ಮೊದಲ ದಿನ 12.6, ಆಮೇಲೆ 12.53, 12.48, 12.42. ಈ ಅಂಕಿ ನೋಡಿ ಯಾರೂ ಬ್ಯಾಟ್ರಿ ಕೆಟ್ಟಿದೆ ಅನ್ನಲ್ಲ, ಐದು ಒಳ್ಳೆ ಸೆಲ್ ಸೇರಿ ಒಂದರ ಮಾನ ಮುಚ್ತಿರುತ್ವೆ. ಗ್ರಾವಿಟಿ ನೋಡಿದ್ರೆ ಮಾತ್ರ ಐದು 1250ರಲ್ಲೇ ಇವೆ, ಮೂರನೇದು 1100ಕ್ಕೆ ಇಳಿದಿದೆ. ಸೆಲ್ ಸೆಲ್ ನಡುವೆ 50 ಪಾಯಿಂಟ್ ವ್ಯತ್ಯಾಸ ಬಂದ್ರೇನೇ ಅನುಮಾನ ಪಡ್ಬೇಕು, ಇಲ್ಲಿ 150! ಪ್ಲೇಟಿಂದ ಉದುರಿದ ಪೇಸ್ಟು ತಳದಲ್ಲಿ ಸೇರಿಯೋ, ಪ್ಲೇಟುಗಳ ಮಧ್ಯದ ಸೆಪರೇಟರ್ ತೂತಾಗಿಯೋ ಒಳಗೇ ಸಣ್ಣ ಶಾರ್ಟ್ ಆದಾಗ ಹೀಗೇ ಆಗೋದು. ಐದನೇ ದಿನ 12.1, ಆರನೇ ದಿನ 11.3.

ಮುಚ್ಚಳ ತೆಗೆಯೋಕೇ ಆಗದ ಸೀಲ್ಡ್ ಬ್ಯಾಟ್ರಿಲೂ ಯಾವ ಸೆಲ್ ಅಂತ ಚಾರ್ಜ್ ಆಗುವಾಗ ಹಿಡಿಯೋ ಒಂದು ದಾರಿ ನನ್ನ ಹತ್ರ ಇದೆ, ಇನ್ನೂ ಎರಡು ಬ್ಯಾಟ್ರಿ ಮೇಲೆ ಪಕ್ಕಾ ಆಗೋ ತನಕ ಅದನ್ನ ಬರೆಯಲ್ಲ. ಸ್ಟಿಕರ್ ಕಿತ್ತು ಮುಚ್ಚಳ ಎಬ್ಬಿಸೋಕೆ ಮಾತ್ರ ಹೋಗ್ಬೇಡಿ, ವಾರಂಟಿ ಅಲ್ಲಿಗೆ ಮುಗೀತು.

ನಡುವೆ ಇನ್ನೆರಡು ಪ್ರಯೋಗ ಮಾಡ್ದೆ. 55 ವ್ಯಾಟ್ ಹಳೇ ಹೆಡ್‌ಲೈಟ್ ಬಲ್ಬ್ ಕಟ್ಟಿದ್ದೆ, ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತೆ, ಒಳ್ಳೆ ಬ್ಯಾಟ್ರಿ ಆಗಿದ್ರೆ ಎಂಟು ಗಂಟೆ ಮೇಲೇ ಉರೀಬೇಕು. ನಂದು ಎರಡೂವರೆ ಗಂಟೆ 12ರ ಆಸುಪಾಸು ನಿಂತು, ಆಮೇಲೆ ಹತ್ತೇ ನಿಮಿಷದಲ್ಲಿ 10ರ ಕೆಳಗೆ ಜಾರ್ತು, ಒಂದು ಸೆಲ್ ಪೂರ್ತಿ ಕೈ ಬಿಟ್ಟಾಗ ಎರಡು ವೋಲ್ಟ್ ಒಟ್ಟಿಗೇ ಹೋಗೋದು ಕಣ್ಣೆದುರೇ ಕಾಣುತ್ತೆ. ತಕ್ಷಣ ಮತ್ತೆ ಚಾರ್ಜಿಗೆ ಹಾಕ್ದೆ. ಕ್ಲೇಮ್ ಮಾಡೋ ಉದ್ದೇಶ ಇದ್ರೆ ಇದನ್ನ ಮಾಡ್ದೇ ಇರೋದೇ ಒಳ್ಳೇದು, ಡೀಪ್ ಡಿಸ್ಚಾರ್ಜ್, ಅಂದ್ರೆ ನೀವೇ ಪೂರ್ತಿ ಖಾಲಿ ಮಾಡಿದೀರಿ ಅಂತ ಬರೆದು ಕೈ ಎತ್ತಿಬಿಡ್ತಾರೆ. ಇನ್ನೊಂದು ಸ್ನೇಹಿತನ ಪಲ್ಸ್ ಚಾರ್ಜರ್, ಮೂರು ರಾತ್ರಿ ಹಾಕಿದ್ರೂ ಮೂರನೇ ಸೆಲ್ ಹತ್ತು ಪಾಯಿಂಟ್ ಕೂಡ ಏರಲಿಲ್ಲ. ಸಲ್ಫೇಷನ್‌ಗೆ (ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರೋದು) ಅದೇನಾದ್ರೂ ಮಾಡುತ್ತೋ ಏನೋ, ಶಾರ್ಟ್‌ಗೆ ಏನೂ ಮಾಡಲ್ಲ.

ಈಗ ಕ್ಲೇಮ್. ಮೊದಲನೇ ಸಲ ರಿಜೆಕ್ಟ್ ಆಗಿದ್ದು ಯಾಕೆ ಅಂದ್ರೆ ಅಂಗಡೀಲಿ ಮೊದಲು ಫುಲ್ ಚಾರ್ಜ್ ಮಾಡಿ ಬಿಸಿ ಬಿಸಿ ಇದ್ದಾಗ್ಲೇ ಟೆಸ್ಟರ್ ಕ್ಲಿಪ್ ಹಾಕ್ತಾರೆ. ಆಗ ಸೋರೋ ಸೆಲ್ಲೂ ತುಂಬಿರುತ್ತೆ, ಸಿಸಿಎ (ಎಂಜಿನ್ ತಿರುಗಿಸೋ ಶಕ್ತಿ ತೋರಿಸೋ ಅಂಕಿ) ಚೆನ್ನಾಗೇ ಬರುತ್ತೆ, ಚೀಟೀಲಿ ಗುಡ್. ಅವರು ಸುಳ್ಳು ಹೇಳಿರ್ಲಿಲ್ಲ, ಸೋರಿಕೆ ಗೊತ್ತಾಗೋಕೆ ಟೈಮ್ ಬೇಕು, ಆ ಟೈಮ್ ಅವರು ಕೊಡ್ತಿರ್ಲಿಲ್ಲ.

ಎರಡನೇ ಸಲ ಬಿಲ್ಲು, ಸೀಲ್ ಹಾಕಿದ ವಾರಂಟಿ ಕಾರ್ಡು, ಬ್ಯಾಟ್ರಿ ಮೇಲಿನ ಸೀರಿಯಲ್ ನಂಬರ್ ಫೋಟೋ, ದಿನದಿನದ ವೋಲ್ಟು ಮತ್ತು ಆರೂ ಸೆಲ್ಲಿನ ಗ್ರಾವಿಟಿ ಬರೆದ ಹಾಳೆ ತಗೊಂಡ್ ಹೋದೆ. ಚಾರ್ಜಿಂಗ್ ವೋಲ್ಟ್ 14.2 ಅನ್ನೋದೂ ಹಾಳೇಲಿ ಇತ್ತು, ಇಲ್ಲಾಂದ್ರೆ ಗಾಡಿ ಕಡೆ ಬೆರಳು ತೋರಿಸ್ತಾರೆ. ಕೌಂಟರ್ ಹುಡುಗ "ಸರ್, ಮತ್ತೆ ಚಾರ್ಜ್ ಮಾಡಿ ನೋಡ್ತೀವಿ" ಅಂದ. ನಾನು "ಮಾಡಿ, ಆದ್ರೆ ಚಾರ್ಜರ್ ತೆಗೆದು ಮೂರು ದಿನ ಹಾಗೇ ಇಟ್ಟು ಆಮೇಲೆ ಟೆಸ್ಟ್ ಮಾಡಿ, ಮೂರನೇ ಸೆಲ್ ಗ್ರಾವಿಟಿ ನನ್ನ ಎದುರೇ ತೆಗೀರಿ" ಅಂತ ಹೇಳಿ, ಅದನ್ನ ಜಾಬ್ ಕಾರ್ಡಲ್ಲಿ ಬರೆಸ್ದೆ. ಬರೆಸೋದು ಮುಖ್ಯ. ಒಂದು ಸ್ಪೇರ್ ಬ್ಯಾಟ್ರಿ ಕೊಟ್ಟು ಕಳಿಸಿದ್ರು.

ಮೂರು ದಿನ ಬಿಟ್ಟು ಹೋದಾಗ ಅವರೇ ಹೈಡ್ರೋಮೀಟರ್ ಇಳಿಸಿದ್ರು. ಮೂರನೇದರಲ್ಲಿ ಫ್ಲೋಟ್ ಕೆಂಪು ಗೆರೆ ದಾಟಿ ತಳಕ್ಕೆ ಹೋಗಿ ಕೂತ್ಕೊಳ್ತು. ಟೆಕ್ನಿಷಿಯನ್ ಇನ್ನೊಂದು ಸಲ ತೆಗೆದ್ರು, ಏನೂ ಮಾತಾಡ್ಲಿಲ್ಲ, ಫಾರಂ ತುಂಬಿದ್ರು. ಟೆಸ್ಟರ್ ಕೂಡ ಈ ಸಲ ರಿಪ್ಲೇಸ್ ಅಂತು.

ಐದಾರು ವಾರ ಲೇಟ್ ಆಗಿದ್ರೆ ಪ್ರೊ ರೇಟಾಗೆ (ಫ್ರೀ ಬದಲಿ ಇಲ್ಲ, ಹೊಸದರ ಮೇಲೆ ಒಂದಿಷ್ಟು ರಿಯಾಯ್ತಿ ಮಾತ್ರ ಸಿಗೋ ಅವಧಿ) ಬೀಳ್ತಿದ್ದೆ. ಅಲ್ಲಿ ರಿಯಾಯ್ತಿ ಲೆಕ್ಕ ಎಂಆರ್‌ಪಿ ಮೇಲೆ ಹಾಕಿದ್ರೆ, ಅದು ಕಳೆದು ಉಳಿಯೋದೂ ಹೊರಗಡೆ ಎಕ್ಸ್‌ಚೇಂಜಲ್ಲಿ ಹೊಸದು ತಗೊಳ್ಳೋ ರೇಟೂ ಹತ್ರ ಹತ್ರ ಆಗಿಬಿಡುತ್ತೆ, ಅದಕ್ಕೆ ಅನುಮಾನ ಬಂದ ವಾರವೇ ಹಾಳೆ ಶುರು ಮಾಡಿ.

ಮೊದಲು ಕೊಟ್ಟ ಬದಲಿ ಬ್ಯಾಟ್ರಿನೂ ನಾನು ಒಪ್ಪಲಿಲ್ಲ. ಡೇಟ್ ಕೋಡ್ ನೋಡಿದ್ರೆ ಎಂಟು ತಿಂಗಳು ಹಳೇದು, ಮೀಟರ್ ಇಟ್ರೆ 12.3. ಒಳಗಿಂದ ಇನ್ನೊಂದು ತರಿಸ್ದೆ, ಎರಡು ತಿಂಗಳಿಂದು, 12.65. ಕಾರ್ಡಲ್ಲಿ ವಾರಂಟಿ ಹಳೇದರ ಉಳಿದ ಅವಧಿ ಮಾತ್ರ ಬರೆದಿದಾರೆ, ಹೊಸದಾಗಿ ಶುರು ಆಗಲ್ಲ, ಅದಕ್ಕೆ ಅದೇ ವಾರ ಇದನ್ನೂ ನಾಲ್ಕು ದಿನ ಬಿಚ್ಚಿಟ್ಟು ನೋಡ್ದೆ. 12.65 ಇದ್ದಿದ್ದು 12.63, ಆರೂ ಸೆಲ್ ಹತ್ತು ಪಾಯಿಂಟ್ ಒಳಗೇ ಇವೆ. ಡ್ಯಾಶ್‌ಕ್ಯಾಮ್ ವಾಪಸ್ ಹಾಕಿದೀನಿ, 12.2ಕ್ಕೆ ಬಂದ್ರೆ ತಾನೇ ಆಫ್ ಆಗೋ ಹಾಗೆ ಸೆಟ್ ಮಾಡಿ.