ಪತ್ರಕರ್ತರು ದುರ್ಗ ನೋಡೋಕೆ ಬಂದಾಗ

ಊರಿನ ಬಗ್ಗೆ ಬರೆಯುವವರು ನೀವು, ಹಾಗಾಗಿ ಪ್ರವಾಸಿ ಪತ್ರಕರ್ತರು ಚಿತ್ರದುರ್ಗಕ್ಕೆ ಬಂದರೆ ಫೋನ್ ನಿಮಗೇ ಬರುತ್ತದೆ. ಬೆಳಿಗ್ಗೆ ಬೇಗ ಕೋಟೆ ಹತ್ತಿಸಿ. ಬಿಸಿಲೇರಿದ ಮೇಲೆ ಬಂಡೆ ಕಾಯುತ್ತದೆ, ಆಮೇಲೆ ಯಾರ ಕಿವಿಗೂ ಕಥೆ ಇಳಿಯುವುದಿಲ್ಲ.

ಎಲ್ಲರೂ ಮೊದಲು ಕೇಳುವುದು ಓಬವ್ವನ ಕಿಂಡಿ. ತೋರಿಸಿ, ಆದರೆ ಜನರ ಬಾಯಲ್ಲಿ ಉಳಿದ ಕಥೆ ಯಾವುದು, 1779ರಲ್ಲಿ ಹೈದರಾಲಿ ಕೋಟೆ ಗೆದ್ದ ಇತಿಹಾಸ ಯಾವುದು ಅಂತ ಬೇರೆ ಬೇರೆ ಮಾಡಿ ಹೇಳಿ. ಎರಡೂ ನಮ್ಮವೇ, ಅಲ್ವಾ?

ನನ್ನ ಕೇಳಿದರೆ ಜಾಸ್ತಿ ಹೊತ್ತು ಕೊಡಬೇಕಾದದ್ದು ನೀರಿಗೆ. ಬಯಲುಸೀಮೆಯ ಬೆಟ್ಟದ ಮೇಲೆ ಅಷ್ಟು ಜನ ಹೇಗೆ ಬದುಕಿದರು? ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಕೂರಿಸಿ, ಅಲ್ಲಿ ತುಂಬಿದ ಮಳೆ ನೀರು ಅಕ್ಕ ತಂಗಿಯರ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ ಹರಿಯುವ ದಾರಿಯನ್ನು ಕೈಮಾಡಿ ತೋರಿಸಿ. ಇದನ್ನು ಕಂಡವರು ಬರೀ ಗೋಡೆ, ಬತೇರಿ (ಕಾವಲು ಬುರುಜು) ಬಗ್ಗೆ ಬರೆದು ಸುಮ್ಮನಾಗುವುದಿಲ್ಲ.

ಆಮೇಲೆ ಕೋಟೆ ಬೆಟ್ಟದ ಹತ್ತಿರದ ಚಂದ್ರವಳ್ಳಿ. ಭೈರವೇಶ್ವರ ಗುಡಿ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ಪ್ರಾಕೃತದಲ್ಲಿ. ಅದು ಹೇಳುವುದೂ ಕೆರೆಯ ವಿಷಯವೇ! ಅಕ್ಷರ ಮುಟ್ಟಲು ಬಿಡಬೇಡಿ.

ಇನ್ನೊಂದು ದಿನ ಇದ್ದರೆ ಮೊಳಕಾಲ್ಮೂರಿಗೆ ಕರೆದುಕೊಂಡು ಹೋಗಿ. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ, ಊರಲ್ಲಿ ರೇಷ್ಮೆ ಸೀರೆ ಮಗ್ಗ. ನೇಕಾರರ ಮನೆಗೆ ಮೊದಲೇ ತಿಳಿಸಿ, ಫೋಟೋಗೆ ಒಪ್ಪಿಗೆ ಕೇಳಿ, ಮಾತಾಡಲು ಅವರನ್ನೇ ಬಿಡಿ. ಹೊರಡುವ ಮುಂಚೆ ಊರು, ಹೊಂಡ, ಅರಸರ ಹೆಸರುಗಳನ್ನು ಸರಿಯಾಗಿ ಬರೆದು ಅವರ ಕೈಗೆ ಕೊಡಿ.